ಹೊಸಬರಿಗೆ ಮಾರ್ಗದರ್ಶಿ: ಸೋಗಾನೆಗೆ ಹೊರಡೋ ಮುಂಚೆ ಉಪ್ಪಿನಕಾಯಿ ಯಾವ ಬ್ಯಾಗಲ್ಲಿದೆ ನೋಡ್ಕೊಳ್ಳಿ

ಶಿವಮೊಗ್ಗಕ್ಕೆ ಹೊಸದಾಗಿ ಬಂದಿರೋ ಮನೆಯವರಿಗೆ ಅಂತ ಸಂಘದಿಂದ ಬರೀತಿರೋದ್ರಲ್ಲಿ ಹೋದ ಸಲ ಗ್ಯಾಸ್ ಕನೆಕ್ಷನ್ನು, ಮಳೆಗಾಲದಲ್ಲಿ ಬಟ್ಟೆ ಒಣಗಿಸೋದು ಎಲ್ಲ ಆಯ್ತು, ಈ ಸಲ ಏರ್‌ಪೋರ್ಟ್ ಸೆಕ್ಯೂರಿಟಿ. ಇದೂ ಒಂದು ವಿಷಯಾನಾ ಅನ್ಬೇಡಿ. ನೀವು ಬಂದು ಆರು ತಿಂಗಳಾಗೋದ್ರೊಳಗೆ ಅಕ್ಕಪಕ್ಕದ ಮನೆಯವರು, ಓನರ್ ಅಮ್ಮ, ಆಫೀಸಿನ ತೀರ್ಥಹಳ್ಳಿ ಕಡೆ ಹುಡುಗ ಎಲ್ರೂ ಸೇರಿ ನಿಮ್ಮ ಕೈಗೆ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ (ಗಟ್ಟಿಯಾಗದೆ ಪಾಕದ ಥರ ಇರೋ ಬೆಲ್ಲ), ಜೇನುತುಪ್ಪ ತುರುಕಿರ್ತಾರೆ. ಊರಿಗೆ ಹೋಗುವಾಗ ತಗೊಂಡು ಹೋಗಿ ಅಂತಾರೆ, ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ. ಆದ್ರೆ ಯಾವ ಬ್ಯಾಗಲ್ಲಿ ಹಾಕ್ಬೇಕು ಅಂತ ಮಾತ್ರ ಯಾರೂ ಹೇಳಲ್ಲ.

ನಮ್ಮ ಏರ್‌ಪೋರ್ಟ್ ಇರೋದು ಸೋಗಾನೇಲಿ, ಕುವೆಂಪು ಅವರ ಹೆಸರು, ಟರ್ಮಿನಲ್ ಕಮಲದ ಆಕಾರ. 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ ಆಯ್ತು, ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ಪ್ಯಾಸೆಂಜರ್ ವಿಮಾನ ಬಂತು. ಚಿಕ್ಕ ಏರ್‌ಪೋರ್ಟು, ಕ್ಯೂ ಕಮ್ಮಿ, ಹಾಗಂತ ರೂಲ್ಸ್ ಕಮ್ಮಿ ಅಲ್ಲ. ದೇಶದ ಎಲ್ಲಾ ಏರ್‌ಪೋರ್ಟಿಗೂ ಸೆಕ್ಯೂರಿಟಿ ರೂಲ್ಸ್ ಮಾಡೋದು ಬಿಸಿಎಎಸ್ ಅನ್ನೋ ಕೇಂದ್ರದ ಇಲಾಖೆ, ಅದು ದೆಹಲಿಗೂ ಸೋಗಾನೆಗೂ ಒಂದೇ.

ಮೊದಲು ನಮ್ಮತ್ತೆ ಕತೆ ಹೇಳ್ಬಿಡ್ತೀನಿ. ಮಗಳ ಮನೆಗೆ ವಿದೇಶಕ್ಕೆ ಹೊರಟಿದ್ರು, ನಾನೂ ಜೊತೇಲಿದ್ದೆ. ದೊಡ್ಡ ಬ್ಯಾಗು ಚೆಕ್-ಇನ್ ಆಗಿ ಬೆಲ್ಟ್ ಮೇಲೆ ಹೋಗೂ ಆಗಿತ್ತು. ಜೋನಿ ಬೆಲ್ಲದ ಬಾಟ್ಲಿ ಮಾತ್ರ ಒಡೆದೋದ್ರೆ ಬಟ್ಟೆ ಎಲ್ಲಾ ಹಾಳು ಅಂತ ಕೈಚೀಲದಲ್ಲೇ ಇಟ್ಕೊಂಡಿದ್ರು. ಎಕ್ಸ್‌ರೇ ಆದ್ಮೇಲೆ ಚೀಲ ಪಕ್ಕಕ್ಕೆ ಹೋಯ್ತು, ಸೆಕ್ಯೂರಿಟಿಯವನು ಬಾಟ್ಲಿ ತೆಗೆದು ಇದು ಲಿಕ್ವಿಡ್ ಅಂದ. ಅತ್ತೆ "ಲಿಕ್ವಿಡ್ ಅಲ್ಲ ಮಾರಾಯ, ಬೆಲ್ಲ ಇದು" ಅಂದ್ರು. ಅವನಿಗೆ ಕನ್ನಡ ಬರಲ್ಲ, ಇವರಿಗೆ ಹಿಂದಿ ಬರಲ್ಲ. ಬೆಲ್ಲಕ್ಕೆ ಹಿಂದೀಲಿ ಗುಡ್ ಅಂತಾರಲ್ಲ, ನಾನು ಗುಡ್ ಗುಡ್ ಅಂತಿದೀನಿ, ಅವನು ಇಂಗ್ಲಿಷಿನ ಗುಡ್ ಅಂದ್ಕೊಂಡನೋ ಏನೋ, ತಲೆ ಅಲ್ಲಾಡಿಸ್ತಿದಾನೆ. ಕೊನೆಗೆ ಬಾಟ್ಲಿ ಓರೆ ಮಾಡಿ ಬೆಳಕಿಗೆ ಹಿಡಿದ. ಬೆಲ್ಲ ನಿಧಾನಕ್ಕೆ, ತೀರಾ ನಿಧಾನಕ್ಕೆ, ಮುಚ್ಚಳದ ಕಡೆ ಜಾರ್ತು. ಮೂರು ಜನಾನೂ ಅದನ್ನೇ ನೋಡ್ತಾ ನಿಂತಿದ್ವಿ. ಮುಚ್ಚಳ ಮುಟ್ತು, ಅಲ್ಲಿಗೆ ಕೇಸ್ ಮುಗೀತು. ಬಾಟ್ಲಿ ಡಬ್ಬಕ್ಕೆ ಹೋಯ್ತು. ಅತ್ತೆ ವಿಮಾನದಲ್ಲಿ ಊಟಾನೇ ಮಾಡ್ಲಿಲ್ಲ.

ಸಿಟ್ಟು ಬರತ್ತೆ ನಿಜ, ಆದ್ರೆ ಅವನದ್ದು ತಪ್ಪಿರ್ಲಿಲ್ಲ, ನಮಗೆ ರೂಲ್ಸ್ ಗೊತ್ತಿರ್ಲಿಲ್ಲ ಅಷ್ಟೆ. ಇಂಟರ್‌ನ್ಯಾಷನಲ್ ಪ್ರಯಾಣಕ್ಕೆ ಕೈಚೀಲದಲ್ಲಿ ದ್ರವ ಅಂದ್ರೆ ಒಂದೊಂದು ಬಾಟ್ಲಿ 100 ಎಂಎಲ್ ಒಳಗೆ, ಎಲ್ಲಾ ಸೇರಿ 1 ಲೀಟರಿನ ಒಂದು ಪಾರದರ್ಶಕ ಚೀಲದಲ್ಲಿ. 2006ರ ಆಗಸ್ಟಲ್ಲಿ ಲಂಡನ್ನಿಂದ ಅಮೆರಿಕದ ಕಡೆ ಹೊರಡೋ ವಿಮಾನಗಳಲ್ಲಿ ತಂಪು ಪಾನೀಯದ ಬಾಟ್ಲೀಲಿ ಸ್ಫೋಟಕ ಸಾಗಿಸೋ ಸಂಚು ಸಿಕ್ಕಿಬಿತ್ತಲ್ಲ, ಅಲ್ಲಿಂದ ಶುರುವಾದ ರೂಲ್ಸ್ ಇದು. ಅವತ್ತು ಅವರು ಸಿಕ್ಕಿಬಿದ್ದಿದ್ದಕ್ಕೆ ಇವತ್ತು ನಮ್ಮತ್ತೆ ಬೆಲ್ಲ ಹೋಯ್ತು. ಇಲ್ಲಿ ಲೆಕ್ಕ ಇರೋದು ಬಾಟ್ಲಿ ಸೈಜಿಗೆ, ಒಳಗೆ ಎಷ್ಟಿದೆ ಅನ್ನೋದಕ್ಕಲ್ಲ. 200 ಎಂಎಲ್ ಬಾಟ್ಲಿ ತಳದಲ್ಲಿ ಎರಡು ಚಮಚ ಎಣ್ಣೆ ಇದ್ರೂ ಬಿಡಲ್ಲ. ದ್ರವ ಅಂದ್ರೆ ಬರೀ ನೀರು ಅಂತಾನೂ ತಿಳ್ಕೋಬೇಡಿ, ಸುರಿಯಕ್ಕೆ ಆಗೋದು, ಬಳಿಯಕ್ಕೆ ಆಗೋದು, ಚಮಚದಲ್ಲಿ ತೋಡಕ್ಕೆ ಆಗೋದು ಎಲ್ಲಾ ಅವರ ಲೆಕ್ಕದಲ್ಲಿ ದ್ರವಾನೇ. ತುಪ್ಪ, ಜೇನು, ಉಪ್ಪಿನಕಾಯಿ ರಸ, ಗೊಜ್ಜು, ಹಲಸಿನಹಣ್ಣಿನ ಜಾಮು, ಕೋಕಂ ಸಿರಪ್ಪು ಎಲ್ಲಾ ಬಂತು. ಮಗು ಹಾಲಿಗೆ, ಔಷಧಿಗೆ ವಿನಾಯಿತಿ ಇದೆ, ಆದ್ರೆ ಇನ್ಸುಲಿನ್ ತಗೋಳೋರು ಡಾಕ್ಟರ್ ಚೀಟಿ ಕೈಯಲ್ಲೇ ಇಟ್ಕೊಳ್ಳಿ.

ಈಗ ಹೊಸಬರು ಸಿಕ್ಕಿಹಾಕ್ಕೊಳ್ಳೋ ಜಾಗ ಯಾವುದು ಅಂದ್ರೆ ಇದು. ದೇಶದೊಳಗಿನ ವಿಮಾನಕ್ಕೆ ಈ 100 ಎಂಎಲ್ ಕಟ್ಟುನಿಟ್ಟು ಇರಲ್ಲ, ನೀರಿನ ಬಾಟ್ಲಿ ತಗೊಂಡೇ ಹೋಗ್ತೀವಿ. ಹಂಗಾಗಿ ಜೇನಿನ ಬಾಟ್ಲಿ ಸೋಗಾನೇಲಿ ಪಾಸಾಯ್ತು ಅಂದ್ರೆ ಇನ್ನೇನು ದುಬೈ ತನಕ ಪಾಸ್ ಅಂದ್ಕೋತಾರೆ, ಬೆಂಗಳೂರಲ್ಲಿ ಇಂಟರ್‌ನ್ಯಾಷನಲ್ ಸೆಕ್ಯೂರಿಟಿ ದಾಟುವಾಗ ಹೋಗತ್ತೆ. ಎರಡು ಟಿಕೆಟ್ ಬೇರೆ ಬೇರೆ ತೆಗೆದಿದ್ರೆ ಬೆಂಗಳೂರಲ್ಲಿ ನಿಮ್ಮ ದೊಡ್ಡ ಬ್ಯಾಗು ನಿಮ್ಮ ಕೈಗೇ ಬರತ್ತಲ್ಲ, ಮತ್ತೆ ಚೆಕ್-ಇನ್ ಮಾಡೋ ಮುಂಚೆ ಬಾಟ್ಲಿ ಅದರೊಳಗೆ ಹಾಕಿ. ಒಂದೇ ಟಿಕೆಟ್ ಆದ್ರೆ ಬ್ಯಾಗು ಸೀದಾ ಹೋಗತ್ತೆ, ಶಿವಮೊಗ್ಗದಲ್ಲೇ ಯೋಚ್ನೆ ಮಾಡ್ಬೇಕು.

ಇನ್ನು ಗಟ್ಟಿ ಪದಾರ್ಥ ಆದ್ರೂ ಬ್ಯಾಗ್ ಯಾಕೆ ತೆಗೆಸ್ತಾರೆ ಅಂತ ತುಂಬಾ ಜನ ಕೇಳ್ತಾರೆ. ಎಕ್ಸ್‌ರೇ ಸ್ಕ್ರೀನಲ್ಲಿ ಲೋಹ ನೀಲಿ ಕಾಣತ್ತೆ, ತಿನ್ನೋ ಪದಾರ್ಥ, ಕಾಗದ, ಬಟ್ಟೆ ಎಲ್ಲಾ ಕಿತ್ತಳೆ ಬಣ್ಣ. ಸ್ಫೋಟಕಾನೂ ಕಿತ್ತಳೇನೇ. ಎರಡು ಕೆಜಿ ಅಚ್ಚುಬೆಲ್ಲ, ಅದರ ಮೇಲೆ ಹಪ್ಪಳದ ಕಟ್ಟು, ಪಕ್ಕದಲ್ಲಿ ದಪ್ಪ ಪುಸ್ತಕ ಇಟ್ರೆ ಅಲ್ಲಿ ಕೂತಿರೋನಿಗೆ ಒಂದು ಕಡು ಕಿತ್ತಳೆ ಗಡ್ಡೆ ಕಾಣತ್ತೆ, ಒಳಗೇನಿದೆ ತಿಳಿಯಲ್ಲ, ತೆಗೆದು ನೋಡ್ಲೇಬೇಕು. ತಿಂಡಿ ಕೈಚೀಲದಲ್ಲೇ ಬೇಕು ಅಂದ್ರೆ ಬೇರೆ ಚೀಲ ಮಾಡಿ ಮೇಲ್ಗಡೆ ಇಡಿ, ಟ್ರೇಗೆ ಹಾಕಿ ಅಂದ್ರೆ ತಕ್ಷಣ ತೆಗೆದಿಡಬಹುದು. ಖಾರದ ಪುಡಿ ಮಾತ್ರ ಕೈಚೀಲಕ್ಕೆ ಬೇಡವೇ ಬೇಡ, ಕಣ್ಣಿಗೆ ಎರಚಬಹುದು ಅಂತ. ಅಮೆರಿಕಕ್ಕೆ ಹೋಗೋರು ಸಾರಿನ ಪುಡಿ, ಚಟ್ನಿಪುಡಿನೂ ದೊಡ್ಡ ಬ್ಯಾಗಿಗೇ ಹಾಕಿ, ಕೈಚೀಲದಲ್ಲಿ 350 ಎಂಎಲ್‌ಗಿಂತ ಜಾಸ್ತಿ ಪುಡಿ ಇದ್ರೆ ಅಲ್ಲಿಯವರು ಬೇರೆಯಾಗಿ ಚೆಕ್ ಮಾಡ್ತಾರೆ, ಏನಂತ ಗೊತ್ತಾಗ್ಲಿಲ್ಲ ಅಂದ್ರೆ ಒಳಗೆ ಬಿಡಲ್ಲ. ಹಂಗೇ ಅಲ್ಲಿ ಶೂ ಬಿಚ್ಚಬೇಕು ಅಂತ ನಿಮ್ಮ ಭಾವನೋ ಚಿಕ್ಕಪ್ಪನೋ ಹೇಳಿದ್ರೆ ಅದು ಹಳೇ ಕತೆ, 2025ರ ಜುಲೈಯಲ್ಲಿ ಅಮೆರಿಕದವರು ಆ ರೂಲ್ಸ್ ತೆಗೆದ್ರು.

ಕೊಬ್ಬರಿ. ಇದು ಯಾರಿಗೂ ನಂಬಿಕೆ ಬರಲ್ಲ. ಒಣಕೊಬ್ಬರೀಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳೋ ಪದಾರ್ಥ ಅಂತ ವಿಮಾನದ ಲೆಕ್ಕದಲ್ಲಿ, ಅದಕ್ಕೆ ಕೈಚೀಲಕ್ಕೂ ಇಲ್ಲ ದೊಡ್ಡ ಬ್ಯಾಗಿಗೂ ಇಲ್ಲ. ಇಡೀ ತೆಂಗಿನಕಾಯಿ ಕ್ಯಾಬಿನ್ ಒಳಗೆ ಬಿಡಲ್ಲ. ಅಯ್ಯಪ್ಪ ಮಾಲೆ ಹಾಕಿದವರಿಗೆ 2024ರ ಸೀಸನ್ನಿಗೆ ಇರುಮುಡಿ ಕಾಯಿ ಕೈಯಲ್ಲಿ ತಗೊಂಡು ಹೋಗಕ್ಕೆ 2025ರ ಜನವರಿ 20ರ ತನಕ ವಿನಾಯಿತಿ ಕೊಟ್ಟಿದ್ರು, ಅದು ಆ ಸೀಸನ್ನಿನ ಮಾತು, ಪ್ರತೀ ವರ್ಷ ಹೊಸದಾಗಿ ವಿಚಾರಿಸ್ಕೋಬೇಕು.

ಅಜ್ಜ ಅಜ್ಜಿ ಜೊತೇಲಿ ಬರ್ತಿದ್ರೆ ಎಲೆ ಅಡಿಕೆ ಸಂಚಿ ಬಿಚ್ಚಿ ನೋಡಿ. ಅಡಕತ್ತರಿ ಅದರಲ್ಲೇ ಇರತ್ತೆ, ಅವರಿಗೆ ಅದು ಕತ್ತರಿ ಅಂತಾನೇ ಅನ್ಸಲ್ಲ.

ಇದಕ್ಕಿಂತ ಗಂಭೀರ ಒಂದಿದೆ, ಬಯಲುಸೀಮೆ ಕಡೆಯಿಂದ ಬಂದವರಿಗೆ ಗೊತ್ತಿರಲ್ಲ. ಇಲ್ಲಿ ತೋಟ ಗದ್ದೆ ಇರೋ ಎಷ್ಟೋ ಮನೇಲಿ ಬೆಳೆ ಕಾಯಕ್ಕೆ ಲೈಸೆನ್ಸಿರೋ ಕೋವಿ ಇರತ್ತೆ. ಮಂಗ ಹಂದಿ ಓಡಿಸಕ್ಕೆ ಹೋಗುವಾಗ ಹಾಕ್ಕೊಳ್ಳೋ ಬ್ಯಾಗಿನ ಸೈಡ್ ಜೇಬಲ್ಲಿ ಒಂದು ತೋಟಾ, ಅಂದ್ರೆ ಕೋವಿ ಗುಂಡು, ಉಳಿದುಬಿಟ್ಟಿರತ್ತೆ, ಅದೇ ಬ್ಯಾಗನ್ನ ಓನರು ಪ್ರೀತಿಯಿಂದ ನಿಮಗೆ ಪ್ರಯಾಣಕ್ಕೆ ಕೊಡ್ತಾರೆ. ಎಕ್ಸ್‌ರೇಲಿ ತೋಟಾ ಸಿಕ್ರೆ ಅಯ್ಯೋ ಮರೆತೋಗಿತ್ತು ಅಂದ್ರೆ ನಡೆಯಲ್ಲ, ಪೊಲೀಸರಿಗೆ ಒಪ್ಪಿಸ್ತಾರೆ, 1959ರ ಶಸ್ತ್ರಾಸ್ತ್ರ ಕಾಯ್ದೆ ಕೆಳಗೆ ಕೇಸೂ ಆಗಬಹುದು. ವಿಮಾನ ಅಂತೂ ಹೋದಂಗೇ. ಸಾಲ ತಂದ ಬ್ಯಾಗು ಬೇಡ. ತಂದ್ರೂ ಎಲ್ಲಾ ಜಿಪ್ಪು ತೆಗೆದು ತಲೆಕೆಳಗು ಮಾಡಿ ಕೊಡವಿ. ಗೊಬ್ಬರ ಹೊತ್ತ ಚೀಲಾನೂ ಬೇಡ, ಸಣ್ಣ ಬಟ್ಟೆ ಚೂರಲ್ಲಿ ಬ್ಯಾಗು ಒರೆಸಿ ಮಷೀನಿಗೆ ಹಾಕ್ತಾರಲ್ಲ, ಅದು ಸ್ಫೋಟಕದ ಕಣ ಹುಡುಕೋ ಮಷೀನು, ಕೆಲವು ರಸಗೊಬ್ಬರದ ನೈಟ್ರೇಟಿಗೂ ಕೂಗ್ಕೊಳ್ಳತ್ತೆ.

ಪವರ್ ಬ್ಯಾಂಕ್ ವಿಷಯ ಉಲ್ಟಾ, ಅದು ಕೈಚೀಲದಲ್ಲೇ ಇರ್ಬೇಕು, ದೊಡ್ಡ ಬ್ಯಾಗಲ್ಲಿ ಹಾಕಿದ್ರೆ ಹೆಸರು ಕೂಗಿ ಕರೆಸಿ ತೆಗೆಸ್ತಾರೆ. 100 ವ್ಯಾಟ್-ಅವರ್ ಒಳಗಿರ್ಬೇಕು. ಅದರ ಮೇಲೆ ಬರೆದಿರೋ ಎಂಎಎಚ್ (mAh) ಸಂಖ್ಯೆನ 3.7ರಿಂದ ಗುಣಿಸಿ 1000ದಿಂದ ಭಾಗಿಸಿ, 20000ದ್ದು 74 ಬರತ್ತೆ, ತೊಂದ್ರೆ ಇಲ್ಲ. ಆದ್ರೆ ಮೇಲಿನ ಅಕ್ಷರ ಅಳಿಸಿಹೋಗಿದ್ರೆ ತಗೊಂಡು ಹೋಗ್ಬೇಡಿ, ಲೆಕ್ಕ ಒಪ್ಪಿಸೋದು ಕಷ್ಟ.

ಮೈ ತಪಾಸಣೆಗೆ ಹೆಂಗಸರಿಗೆ ಪರದೆ ಹಾಕಿದ ಬೇರೆ ಜಾಗ ಇರತ್ತೆ, ಹೆಂಗಸರೇ ನೋಡ್ತಾರೆ, ಅಮ್ಮನಿಗೆ ಮುಂಚೇನೇ ಹೇಳಿಡಿ, ಇಲ್ಲಾಂದ್ರೆ ಗಾಬರಿ ಬೀಳ್ತಾರೆ. ಮಂಡಿ ಆಪರೇಷನ್ ಆದವರಿಗೆ ಬೀಪ್ ಆಗೇ ಆಗತ್ತೆ, ಪೇಸ್‌ಮೇಕರ್ ಇದ್ದವರು ಮೆಟಲ್ ಡಿಟೆಕ್ಟರ್ ಬಾಗಿಲು ದಾಟೋ ಮುಂಚೆ ಕಾರ್ಡ್ ತೋರಿಸಿ. ಹಿಂದಿ ಇಂಗ್ಲಿಷ್ ಬರದೇ ಇರೋ ಹಿರಿಯರಿಗೆ ಇದನ್ನೆಲ್ಲ ಒಂದು ಚೀಟೀಲಿ ಬರೆದುಕೊಟ್ಟಿರಿ. ಬೇಡದ ಸಾಮಾನಿನ ಪಟ್ಟಿನ ಏರ್‌ಪೋರ್ಟಿನವರು ಕನ್ನಡದಲ್ಲಿ ದೊಡ್ಡದಾಗಿ, ಚೆಕ್-ಇನ್ ಕೌಂಟರಿಗೂ ಮುಂಚೆನೇ ಹಾಕಿದ್ರೆ ಅರ್ಧ ಜಗಳ ಇರಲ್ಲ ಅನ್ನೋದು ನನ್ನ ಅಭಿಪ್ರಾಯ. ಬ್ಯಾಗು ಹೋದ್ಮೇಲೆ ಓದಿ ಏನು ಮಾಡೋದು?

ಬಿಡಕ್ಕೆ ಬಂದವರನ್ನ ತಕ್ಷಣ ಕಳಿಸ್ಬೇಡಿ. ಟಿಕೆಟ್ ಇಲ್ದೋರಿಗೆ ಒಳಗೆ ಬಿಡಲ್ಲ, ಆದ್ರೆ ಹೊರಗೆ ಅರ್ಧ ಗಂಟೆ ನಿಂತಿದ್ರೆ, ಟೈಮಿದ್ರೆ ಸೆಕ್ಯೂರಿಟಿಯವರನ್ನೇ ಕೇಳಿ ವಾಪಸ್ ಬಂದು ಡಬ್ಬಿ ಅವರ ಕೈಗೆ ಕೊಡಬಹುದು, ಕಸದ ಡಬ್ಬಕ್ಕೆ ಹಾಕೋದು ತಪ್ಪತ್ತೆ. ದೊಡ್ಡ ಬ್ಯಾಗಿಗೆ ಹಾಕೋ ಉಪ್ಪಿನಕಾಯಿಗೆ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಟೇಪು, ಆಮೇಲೆ ಎರಡು ಕವರು, ಹಳೇ ಟವಲ್ಲಲ್ಲಿ ಸುತ್ತಿ ಬಟ್ಟೆ ಮಧ್ಯ ಇಡಿ. ತೂಕ ನೋಡಕ್ಕೆ ಬ್ಯಾಗ್ ನೇತುಹಾಕೋ ತಕ್ಕಡಿ ಸಂಘದ ಆಫೀಸಲ್ಲಿದೆ, ಭಾನುವಾರ ಬೆಳಗ್ಗೆ ಬಂದು ತಗೊಂಡು ಹೋಗಿ, ಕೆಲಸ ಆದ್ಮೇಲೆ ತಂದುಕೊಡಿ. ಹೋದ ತಿಂಗಳು ತಗೊಂಡು ಹೋದವರು ಇದನ್ನ ಓದ್ತಿದ್ರೆ, ನಿಮಗೇ ಹೇಳ್ತಿರೋದು.