ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದವರು ಲಾಡ್ಜಿನ ಖರ್ಚನ್ನು ತಗ್ಗಿಸಿಕೊಳ್ಳುವ ಬಗೆ

ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಯು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ, ಹಲವರಿಗೆ ಐದರಿಂದ ಏಳು ವಾರಗಳವರೆಗೆ ನಡೆಯುತ್ತದೆ. ಪ್ರತಿದಿನ ಯಂತ್ರದ ಕೆಳಗೆ ಮಲಗುವುದು ಕೆಲವೇ ನಿಮಿಷ. ಆಸ್ಪತ್ರೆಯಲ್ಲಿ ದಾಖಲಾಗಬೇಕಾದ ಅಗತ್ಯ ಬಹುಪಾಲು ರೋಗಿಗಳಿಗೆ ಇರುವುದಿಲ್ಲ. ಹೀಗಾಗಿ ಕಲಬುರಗಿಯಿಂದಲೋ ಶಿರಸಿಯಿಂದಲೋ ಕಿದ್ವಾಯಿ ಆಸ್ಪತ್ರೆಗೆ ಬಂದ ಕುಟುಂಬವು ಒಂದೂವರೆ ತಿಂಗಳು ಬೆಂಗಳೂರಿನಲ್ಲಿ ತಂಗಲೇಬೇಕಾಗುತ್ತದೆ. ಬಂದವರು ಲಾಡ್ಜಿನ ಕೌಂಟರಿನಲ್ಲಿ ಮೊದಲು ಕೇಳುವ ಪ್ರಶ್ನೆ, ‘ದಿನಕ್ಕೆ ಎಷ್ಟು?’ ಎಂಬುದು. ನಷ್ಟ ಆರಂಭವಾಗುವುದು ಅಲ್ಲಿಯೇ. ಲಾಡ್ಜಿನ ದಿನದ ದರವು ಒಂದು ರಾತ್ರಿ ಮಲಗಿ ಹೋಗುವವರನ್ನು ಗಮನದಲ್ಲಿಟ್ಟು ನಿಗದಿಯಾದದ್ದು. ನಲವತ್ತು ದಿನ ಇರುವವರು ಆ ದರದಿಂದ ಮಾತು ಆರಂಭಿಸಬೇಕಾದ ಕಾರಣವೇ ಇಲ್ಲ.

ಮಾತಿಗೆ ಇಳಿಯುವ ಮುನ್ನ ದಿನಗಳ ಲೆಕ್ಕ ಖಚಿತವಾಗಿರಬೇಕು. ಒಟ್ಟು ಎಷ್ಟು ಸಿಟ್ಟಿಂಗ್ (ಒಂದು ಬಾರಿಯ ವಿಕಿರಣ ಚಿಕಿತ್ಸೆ), ಮೊದಲನೆಯದು ಯಾವ ದಿನ, ನಡುವೆ ಯಾವ ರಜೆಗಳು ಬರುತ್ತವೆ ಎಂಬುದನ್ನು ಚಿಕಿತ್ಸಾ ವಿಭಾಗದಲ್ಲಿ ಕೇಳಿ ಬರೆದುಕೊಳ್ಳಿ. ಸ್ಕ್ಯಾನ್ ಮಾಡಿ, ಅಗತ್ಯವಿದ್ದವರಿಗೆ ಚಿಕಿತ್ಸೆಯ ವೇಳೆ ತಲೆ ಅಲುಗದಂತೆ ಹಿಡಿಯುವ ಮುಖದ ಅಚ್ಚು ತೆಗೆದ ಮೇಲೆ ಚಿಕಿತ್ಸೆಯ ಯೋಜನೆ ಸಿದ್ಧವಾಗಲು ಕೆಲವು ದಿನ ಹಿಡಿಯುತ್ತದೆ. ಆ ದಿನಗಳನ್ನು ಊರಿನಲ್ಲಿ ಕಳೆಯಬಹುದೇ ಎಂದು ವೈದ್ಯರನ್ನೇ ಕೇಳಿ. ಅಚ್ಚು ತೆಗೆದ ದಿನವೇ ತಿಂಗಳಿಗೆ ರೂಮು ಹಿಡಿದು ಸುಮ್ಮನೆ ಕಾಯುವುದು ಶುದ್ಧ ದಂಡ.

ಧರ್ಮಶಾಲೆಯನ್ನು ವಿಚಾರಿಸದೆ ಲಾಡ್ಜಿಗೆ ಹೋಗಬಾರದು. ಕಿದ್ವಾಯಿ ಮತ್ತು ನಿಮ್ಹಾನ್ಸ್ ಎರಡರಲ್ಲಿಯೂ ರೋಗಿಗಳ ಕಡೆಯವರಿಗಾಗಿ ಧರ್ಮಶಾಲೆಗಳಿವೆ. ಅಲ್ಲಿ ಜಾಗ ಸಿಗುವುದು ಸುಲಭವಲ್ಲ. ಆದರೂ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಂಡು ಹೆಸರು ಬರೆಸಿಟ್ಟರೆ, ಎರಡನೆಯ ವಾರದಲ್ಲಿ ಕೋಣೆ ತೆರವಾದರೂ ಉಳಿದ ನಾಲ್ಕು ವಾರದ ಬಾಡಿಗೆ ಉಳಿಯುತ್ತದೆ. ಇದೇ ಕಾರಣಕ್ಕೆ ಲಾಡ್ಜಿಗೆ ಒಂದೇ ಬಾರಿ ಪೂರ್ತಿ ತಿಂಗಳ ಹಣ ಕಟ್ಟಬಾರದು.

ಆಸ್ಪತ್ರೆಯ ಗೇಟಿನ ಬಳಿ ‘ರೂಮು ಬೇಕಾ?’ ಎಂದು ಕೇಳುತ್ತ ಬರುವವರ ಜೊತೆ ಹೋಗದಿರುವುದು ಒಳ್ಳೆಯದು, ಏಕೆಂದರೆ ಅವರಿಗೆ ಸಲ್ಲುವ ಕಮಿಷನ್ ಕೊನೆಗೆ ನಿಮ್ಮ ಬಾಡಿಗೆಯಲ್ಲಿಯೇ ಸೇರಿರುತ್ತದೆ. ಮೊಬೈಲ್ ಆ್ಯಪಿನ ಮೂಲಕ ಕಾಯ್ದಿರಿಸಿದಾಗಲೂ ಲಾಡ್ಜಿನವರು ಕಮಿಷನ್ ಕೊಟ್ಟಿರುತ್ತಾರೆ. ನನ್ನ ಸಲಹೆಯೆಂದರೆ, ಮೊದಲು ಎರಡು ರಾತ್ರಿಗೆ ಮಾತ್ರ ರೂಮು ಪಡೆಯಿರಿ. ಬೆಳಿಗ್ಗೆ ಆರಕ್ಕೆ ಬಿಸಿನೀರು ಬರುತ್ತದೆಯೇ, ಲಿಫ್ಟ್ ಕೆಲಸ ಮಾಡುತ್ತದೆಯೇ, ರೋಗಿ ಹಗಲು ಮಲಗುವಷ್ಟು ನಿಶ್ಶಬ್ದವಿದೆಯೇ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಮೂರನೆಯ ದಿನ ಕೌಂಟರಿನ ಹುಡುಗನನ್ನಲ್ಲ, ಮ್ಯಾನೇಜರನ್ನೋ ಮಾಲೀಕರನ್ನೋ ಕಂಡು ಮಾತನಾಡಿ. ರಿಯಾಯಿತಿ ಕೊಡುವ ಅಧಿಕಾರ ಇರುವುದು ಅವರಿಗೆ.

ಆ ಮಾತಿನಲ್ಲಿ ರೋಗದ ಕಥೆಗಿಂತ ವ್ಯವಹಾರದ ಅಂಶಗಳು ಹೆಚ್ಚು ಕೆಲಸ ಮಾಡುತ್ತವೆ. ರೂಮು ಆರು ವಾರ ಖಾಲಿ ಬೀಳುವುದಿಲ್ಲ, ಹಾಸಿಗೆಯ ಹೊದಿಕೆಯನ್ನು ದಿನವೂ ಬದಲಾಯಿಸಬೇಕಿಲ್ಲ, ವಾರದ ಹಣ ವಾರದ ಆರಂಭದಲ್ಲಿಯೇ ಕೈಸೇರುತ್ತದೆ ಎಂಬ ಮೂರನ್ನು ಹೇಳಿ, ‘ಆರು ವಾರಕ್ಕೆ ಒಟ್ಟು ಎಷ್ಟಕ್ಕೆ ಕೊಡುತ್ತೀರಿ?’ ಎಂದು ಕೇಳಿ. ದಿನಕ್ಕೆ 1,200 ರೂಪಾಯಿಯ ರೂಮಿಗೆ 42 ದಿನಕ್ಕೆ ಶೇ. 5 ತೆರಿಗೆ ಸೇರಿ 52,920 ರೂಪಾಯಿ ಆಗುತ್ತದೆ. ಅದೇ ರೂಮನ್ನು ದಿನಕ್ಕೆ 800ರಂತೆ ಒಪ್ಪಿಸಿದರೆ ಆಗುವುದು 35,280. ಉಳಿಯುವ 17,640 ರೂಪಾಯಿ ಒಂದು ಮಾತುಕತೆಯ ಫಲ. ಅವರು ದರ ಇಳಿಸಲು ಸಿದ್ಧರಿಲ್ಲದಿದ್ದರೆ ಅದೇ ದರಕ್ಕೆ ದೊಡ್ಡ ರೂಮನ್ನೋ ಬೆಳಗಿನ ತಿಂಡಿಯನ್ನೋ ಕೇಳಬಹುದು. ಯಾವುದಕ್ಕೆ ಒಪ್ಪಿದರೂ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ವೈದ್ಯರು ಚಿಕಿತ್ಸೆಯನ್ನು ಮಧ್ಯದಲ್ಲಿ ನಿಲ್ಲಿಸಿದರೆ, ತಂಗಿದ ದಿನಗಳಿಗೆ ಒಪ್ಪಂದದ ದರವೋ ಹಳೆಯ ದಿನದ ದರವೋ ಎಂಬುದು ಅದರಲ್ಲಿ ಇರಲೇಬೇಕು. ಜಗಳಗಳು ಹೆಚ್ಚಾಗಿ ಹುಟ್ಟುವುದು ಈ ಒಂದು ಸಾಲು ಇಲ್ಲದ ಕಡೆ.

ತೆರಿಗೆಯ ಸಾಲನ್ನು ಬಿಲ್ಲಿನಲ್ಲಿ ನೋಡದೆ ಬಿಡುವವರೇ ಹೆಚ್ಚು. ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5 ಆಗಿದೆ, ಅದಕ್ಕೂ ಮುನ್ನ ಶೇ. 12 ಇತ್ತು. ಬಿಲ್ಲಿನಲ್ಲಿ ಇನ್ನೂ ಶೇ. 12 ಎಂದಿದ್ದರೆ ಮೇಲಿನ 1,200 ರೂಪಾಯಿಯ ಲೆಕ್ಕದಲ್ಲಿ 3,528 ರೂಪಾಯಿ ವ್ಯರ್ಥವಾಗಿ ಹೋದಂತೆ. ತೆರಿಗೆ ಬೀಳುವುದು ರಿಯಾಯಿತಿ ಕಳೆದ ಮೊತ್ತದ ಮೇಲೆಯೇ ಹೊರತು ಗೋಡೆಗೆ ಅಂಟಿಸಿದ ದರಪಟ್ಟಿಯ ಮೇಲೆ ಅಲ್ಲ. ವರ್ಷದ ವಹಿವಾಟು 20 ಲಕ್ಷ ಮೀರದ ಸಣ್ಣ ಲಾಡ್ಜುಗಳು ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ, ಆದರೆ ನೋಂದಣಿ ಇಲ್ಲದವರು ಆ ತೆರಿಗೆಯನ್ನು ವಸೂಲು ಮಾಡುವಂತೆಯೂ ಇಲ್ಲ. ಕರ್ನಾಟಕದ ನೋಂದಣಿ ಸಂಖ್ಯೆ 15 ಅಕ್ಷರಗಳದ್ದಾಗಿದ್ದು 29ರಿಂದ ಆರಂಭವಾಗುತ್ತದೆ. ಅದು ಬಿಲ್ಲಿನಲ್ಲಿ ಇಲ್ಲದಿದ್ದರೆ ತೆರಿಗೆ ಏಕೆ ಎಂದು ವಿನಯದಿಂದಲೇ ಕೇಳಿ. ಸರ್ವಿಸ್ ಚಾರ್ಜ್ ಎಂಬುದನ್ನು ಹೇಳದೆ ಕೇಳದೆ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಸೂಚಿಸಿದೆ. ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಚಿಕಿತ್ಸೆ ಮೂರು ತಿಂಗಳು ದಾಟುವುದೆಂದು ಮೊದಲೇ ತಿಳಿದಿದ್ದರೆ ಲಾಡ್ಜನ್ನು ಬಿಟ್ಟು ಪಿಜಿಯನ್ನೋ ತಿಂಗಳ ಬಾಡಿಗೆಯ ಕೋಣೆಯನ್ನೋ ಹುಡುಕುವುದು ಲೇಸು. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ, ಸತತವಾಗಿ ಕನಿಷ್ಠ 90 ದಿನ ತಂಗುವ ವಸತಿಗೆ 2024ರ ಜುಲೈನಿಂದ ಜಿಎಸ್‌ಟಿ ವಿನಾಯಿತಿ ಇದೆ. ಅಡುಗೆಮನೆ ಇರುವ ಸರ್ವಿಸ್ ಅಪಾರ್ಟ್‌ಮೆಂಟ್ ದುಬಾರಿ ಎನಿಸಿದರೂ, ಮೂವರು ಇದ್ದು ರೋಗಿಗೆ ಗಂಜಿ, ಮೆತ್ತಗಿನ ಅನ್ನ ಬೇಕಾದಾಗ ಒಟ್ಟು ಖರ್ಚಿನಲ್ಲಿ ಅದೇ ಅಗ್ಗವಾಗಬಹುದು. ಕರೆಂಟ್ ಬಿಲ್ ಬೇರೆ ಕಟ್ಟಬೇಕೇ ಎಂಬುದನ್ನು ಮಾತ್ರ ಮೊದಲೇ ಕೇಳಿ. ಸಾಮಾನ್ಯ ಲಾಡ್ಜಿನಲ್ಲಿ ಇಂಡಕ್ಷನ್ ಒಲೆ ಹಚ್ಚಲು ಹೆಚ್ಚಿನವರು ಬಿಡುವುದಿಲ್ಲ. ಕದ್ದು ಹಚ್ಚುವುದು ಅಪಾಯಕಾರಿ. ಬಿಸಿನೀರಿಗೆ ಕೆಟಲ್ ಇಟ್ಟುಕೊಳ್ಳಲು ಅನುಮತಿ ಕೇಳಿದರೆ ಬಹುಶಃ ಸಿಗುತ್ತದೆ.

ಜೊತೆಯಲ್ಲಿರುವವರ ಊಟಕ್ಕೆ ರೂಮ್ ಸರ್ವಿಸ್ ಬೇಡ. ಹೊರಗೆ ದರ್ಶಿನಿಗಳಿವೆ, ಮೆಸ್ಸುಗಳಿವೆ. 2017ರಲ್ಲಿ ಇಂದಿರಾ ಕ್ಯಾಂಟೀನ್ ಆರಂಭವಾದಾಗ ತಿಂಡಿಗೆ 5, ಊಟಕ್ಕೆ 10 ರೂಪಾಯಿಯಂತೆ ದರವಿಟ್ಟರು. ನೀರಿನ ಬಾಟಲಿಯನ್ನು ಹೋಟೆಲಿನೊಳಗೆ ಎಂಆರ್‌ಪಿಗಿಂತ ಹೆಚ್ಚಿಗೆ ಮಾರುವುದು ತಪ್ಪಲ್ಲವೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿರುವುದರಿಂದ ಅಲ್ಲಿ ವಾದಿಸಿ ಫಲವಿಲ್ಲ; 20 ಲೀಟರಿನ ಕ್ಯಾನ್ ತರಿಸಿಕೊಳ್ಳಿ. ಬಟ್ಟೆಯನ್ನು ಬೀದಿಯ ಲಾಂಡ್ರಿಗೆ ಕೊಡಿ.

ದೂರದ ವಿಷಯದಲ್ಲಿ ಒಂದು ಲೆಕ್ಕವಿದೆ. ಆಸ್ಪತ್ರೆಗೆ ಎದುರಿನ ಲಾಡ್ಜಿಗಿಂತ ಒಂದೇ ಬಸ್ಸಿನಲ್ಲಿ ತಲುಪಬಹುದಾದ ಬಡಾವಣೆಯ ಲಾಡ್ಜು ಅಗ್ಗ, ಆದರೆ ಆಟೊ ಹಿಡಿಯಬೇಕಾಗಿ ಬಂದರೆ ಆ ಉಳಿತಾಯ ಒಂದೇ ವಾರದಲ್ಲಿ ಕರಗುತ್ತದೆ. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿರುವುದರಿಂದ, ರೋಗಿಯಾಗಲಿ ಜೊತೆಯವರಾಗಲಿ ಮಹಿಳೆಯಾಗಿದ್ದರೆ ಈ ಲೆಕ್ಕ ಇನ್ನಷ್ಟು ಅನುಕೂಲವಾಗುತ್ತದೆ. ಜಯದೇವ ಆಸ್ಪತ್ರೆಗೆ ಬರುವವರಿಗೆ 2025ರ ಆಗಸ್ಟಿನಿಂದ ಹಳದಿ ಮೆಟ್ರೊ ಮಾರ್ಗದ ನಿಲ್ದಾಣವೇ ಹತ್ತಿರದಲ್ಲಿದೆ. ಚಿಕಿತ್ಸೆಯ ಕೊನೆಯ ವಾರಗಳಲ್ಲಿ ಆಯಾಸ ಹೆಚ್ಚುವುದರಿಂದ, ಆಗ ಮಾತ್ರ ಆಸ್ಪತ್ರೆಯ ಸಮೀಪಕ್ಕೆ ಬದಲಾಯಿಸಿಕೊಳ್ಳುವುದನ್ನೂ ಯೋಚಿಸಬಹುದು.

ಶನಿವಾರ ಮತ್ತು ಭಾನುವಾರ ಚಿಕಿತ್ಸೆ ಇರುವುದಿಲ್ಲ. ತುಮಕೂರು, ಮಂಡ್ಯ, ಹಾಸನದಂತಹ ಹತ್ತಿರದ ಊರಿನವರು ಶುಕ್ರವಾರದ ಚಿಕಿತ್ಸೆ ಮುಗಿದ ಕೂಡಲೇ ರೂಮು ಬಿಟ್ಟು ಸೋಮವಾರ ಮರಳಿದರೆ ಪ್ರತಿ ವಾರ ಮೂರು ರಾತ್ರಿಯ ಬಾಡಿಗೆ ಉಳಿಯುತ್ತದೆ, ಸಾಮಾನನ್ನು ಲಾಡ್ಜಿನವರು ಇಟ್ಟುಕೊಳ್ಳಲು ಒಪ್ಪಿದರೆ ಮಾತ್ರ. ಇದಕ್ಕೆ ಚೆಕ್‌ಔಟ್ ಪದ್ಧತಿ ತಿಳಿದಿರಬೇಕು. ಕೆಲವೆಡೆ ಬಂದ ಗಂಟೆಯಿಂದ 24 ಗಂಟೆಗೆ ಒಂದು ದಿನ. ಇನ್ನು ಕೆಲವೆಡೆ ಮಧ್ಯಾಹ್ನ ಹನ್ನೆರಡಕ್ಕೆ ದಿನ ಮುಗಿಯುತ್ತದೆ. ನಿಮ್ಮ ಸಿಟ್ಟಿಂಗ್ ಮಧ್ಯಾಹ್ನ ಎರಡಕ್ಕೆ ಇದ್ದು ಲಾಡ್ಜಿನ ದಿನ ಹನ್ನೆರಡಕ್ಕೆ ಮುಗಿಯುವುದಾದರೆ, ಶುಕ್ರವಾರ ಬೆಳಿಗ್ಗೆಯೇ ರೂಮು ಖಾಲಿ ಮಾಡಿ ಚೀಲವನ್ನು ಕೌಂಟರಿನಲ್ಲಿ ಬಿಟ್ಟು ಆಸ್ಪತ್ರೆಗೆ ಹೊರಡಿ.