ಹುಲ್ಲುಗೆಂಡೆ ಮೊಟ್ಟೆ ಫಲ ಕಟ್ಟಿಸುವುದು: ನೀರು ಕಡೆಗೆ

ಹುಲ್ಲುಗೆಂಡೆ (ಗ್ರಾಸ್ ಕಾರ್ಪ್), ಬೆಳ್ಳಿಗೆಂಡೆ (ಸಿಲ್ವರ್ ಕಾರ್ಪ್) ಮೀನುಗಳು ನಮ್ಮ ಮಂಡ್ಯದ ಕೆರೆಗಳಲ್ಲಿ ಬೆಳೆಯುತ್ತವೆ, ಆದರೆ ಅಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಹಾರ್ಮೋನ್ ಇಂಜೆಕ್ಷನ್ ಕೊಟ್ಟು, ಹೊಟ್ಟೆ ಒತ್ತಿ ಮೊಟ್ಟೆ ತೆಗೆದು, ಕೈಯಾರೆ ವೀರ್ಯ ಬೆರೆಸಬೇಕು. ಇಲ್ಲಿ ಕೆಲಸ ಕೆಡಿಸುವುದು ಹೆಚ್ಚಾಗಿ ನೀರೇ.

ಗಂಡಿನ ಮೈಯೊಳಗೆ ವೀರ್ಯಾಣು ಅಲುಗಾಡುವುದಿಲ್ಲ. ಸಿಹಿನೀರು ತಾಗಿತೋ, ಬಾಲ ಬಡಿಯಲು ಶುರು. ಒಂದು ನಿಮಿಷದೊಳಗೆ ಬಹುಪಾಲು ಸುಸ್ತು. ಮೊಟ್ಟೆಯ ಹೊದಿಕೆ ಕರಗಿಸುವ ಚೀಲ ನಮ್ಮ ವೀರ್ಯಾಣುವಿಗಿದೆ, ಗೆಂಡೆಯದಕ್ಕಿಲ್ಲ. ಸಿಪ್ಪೆಯಲ್ಲಿರುವ ಆಲಿಕೆಯಂಥ ಒಂದೇ ಒಂದು ರಂಧ್ರ, ಮೈಕ್ರೊಪೈಲ್, ಅದರಲ್ಲೇ ನುಗ್ಗಬೇಕು. ಅದರ ಬುಡದಲ್ಲಿ ಒಂದಕ್ಕಷ್ಟೇ ಜಾಗ. ನೀರು ಸೋಕಿದ ಮೊಟ್ಟೆ ಉಬ್ಬುತ್ತಾ ಆ ಬಾಗಿಲನ್ನೂ ಬೇಗ ಮುಚ್ಚಿಕೊಳ್ಳುತ್ತದೆ.

ಆದ್ದರಿಂದ ನೆರಳಲ್ಲಿ ಕೂತು, ಮೀನನ್ನು, ಮುಖ್ಯವಾಗಿ ಗುದದ್ವಾರದ ಸುತ್ತ, ಒಣ ಟವಲಿನಿಂದ ಒರೆಸಿ. ಬೇಸಿನ್ನೂ ಒಣಗಿರಲಿ, ಕೈಯೂ. ಹೊಟ್ಟೆಯನ್ನು ಮುಂದಿನಿಂದ ಹಿಂದಕ್ಕೆ ಮೆಲ್ಲಗೆ ಸವರಿದರೆ ಮೊಟ್ಟೆ ಸರಾಗವಾಗಿ ಸುರಿಯಬೇಕು. ಗಂಟುಗಂಟಾಗಿ ಬಂದರೆ, ರಕ್ತ ಕಂಡರೆ ನಿಲ್ಲಿಸಿ. ಮೊಟ್ಟೆ ಇನ್ನೂ ಬಿಟ್ಟುಕೊಂಡಿಲ್ಲ. ಬಲವಂತಕ್ಕೆ ಹೆಣ್ಣು ಮೀನೂ ಹೋಗುತ್ತದೆ. ಹಾಗಂತ ಹಣ್ಣಾದ ಮೇಲೆ ತಡ ಮಾಡಿದರೂ ಮೊಟ್ಟೆ ಕೆಡುತ್ತದೆ.

ಗಂಡಿನದು ಮೊದಲ ಹನಿ ಬೇಡ. ಅದರಲ್ಲಿ ಮೂತ್ರ ಸೇರಿರುತ್ತದೆ, ಅಷ್ಟಕ್ಕೇ ವೀರ್ಯಾಣು ಎಚ್ಚರಗೊಂಡು ಶಕ್ತಿ ಕಳೆದುಕೊಳ್ಳುತ್ತದೆ. 100 ಗ್ರಾಂ ಮೊಟ್ಟೆಗೆ 1 ಮಿ.ಲೀ. ವೀರ್ಯ ಸಾಕು, ಎರಡು ಗಂಡಿನದಾದರೆ ಭರವಸೆ ಹೆಚ್ಚು. ಕೋಳಿಪುಕ್ಕದಿಂದ ಒಂದೆರಡು ನಿಮಿಷ ಒಣದಾಗಿಯೇ ಬೆರೆಸಿ. ಆಮೇಲೆ ಮುಳುಗುವಷ್ಟು ನೀರು ಹಾಕಿ ಕಲಕುತ್ತಲೇ ಇರಿ. ಐದು ನಿಮಿಷದ ನಂತರ ಮೂರ್ನಾಲ್ಕು ಸಲ ತೊಳೆದು, ನೀರು ಸುತ್ತುವ ಹ್ಯಾಚರಿ ತೊಟ್ಟಿಗೆ ಬಿಡಿ. ರಾಗಿಕಾಳಿನಷ್ಟಿದ್ದದ್ದು ಕಾಳುಮೆಣಸಿನಷ್ಟಾಗುತ್ತದೆ, ಕಿಕ್ಕಿರಿದರೆ ಉಸಿರುಗಟ್ಟಿ ಸಾಯುತ್ತವೆ.

ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಎಂಬ ಇನ್ನೊಂದು ಜಾತಿಯ ಮೊಟ್ಟೆ ಅಂಟುತ್ತದೆ. ಅದಕ್ಕೆ ಬರೀ ನೀರಿನ ಬದಲು 10 ಲೀಟರಿಗೆ 40 ಗ್ರಾಂ ಉಪ್ಪು, 30 ಗ್ರಾಂ ಯೂರಿಯಾ ಕರಗಿಸಿದ ದ್ರಾವಣ ಬಳಸಿ.

ನೀರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ನಾಲೆ ನೀರನ್ನು ಸಣ್ಣ ಕಣ್ಣಿನ ಬಟ್ಟೆಯಲ್ಲಿ ಸೋಸಿ, ಇಲ್ಲವಾದರೆ ಸೈಕ್ಲಾಪ್ಸ್‌ನಂಥ ಹುಳುಗಳು ಮೊಟ್ಟೆ, ಮರಿ ಎರಡಕ್ಕೂ ಬಾಯಿ ಹಾಕುತ್ತವೆ. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೊದಲು ಗಾಳಿಯಾಡಿಸಿ.

ಉಬ್ಬಿದ್ದು ನೋಡಿ ಹಿಗ್ಗಬೇಡಿ. ವೀರ್ಯ ಸೇರದ ಮೊಟ್ಟೆಯೂ ಹೀಗೇ ಉಬ್ಬುತ್ತದೆ. ಆರೆಂಟು ಗಂಟೆ ಬಿಟ್ಟು ನೂರು ಮೊಟ್ಟೆ ಎತ್ತಿ ಎಣಿಸಿ: ಬೆಳ್ಳಗೆ ಮಬ್ಬಾದವು ಸತ್ತವು, ಗಾಜಿನಂತೆ ತಿಳಿಯಾಗಿದ್ದು ಒಳಗೆ ಭ್ರೂಣ ಬೆಳೆಯುತ್ತಿರುವವೇ ಲೆಕ್ಕಕ್ಕೆ.