ಕ್ಯಾನನ್ 6ಡಿ, ನಿಕಾನ್ ಡಿ750: ಎರಡು ಸೆನ್ಸರ್‌ಗಳನ್ನು ನೆರಳಿನಲ್ಲಿ ಹೋಲಿಸಿದ್ದು

ಕ್ಯಾನನ್ 6ಡಿ ಕ್ಯಾಮೆರಾ 2012ರದ್ದು, 20.2 ಮೆಗಾಪಿಕ್ಸೆಲ್. ನಿಕಾನ್ ಡಿ750 2014ರದ್ದು, 24.3. ಎರಡೂ ಫುಲ್ ಫ್ರೇಮ್, ಅಂದರೆ ಬೆಳಕನ್ನು ಹಿಡಿಯುವ ಸೆನ್ಸರ್ ಚಿಪ್ ಹಳೆಯ 35 ಎಂಎಂ ಫಿಲ್ಮ್ ಚೌಕಟ್ಟಿನಷ್ಟು ದೊಡ್ಡದು. ಎಲ್ಲರೂ ಮೊದಲು ಕೇಳುವುದು ಮೆಗಾಪಿಕ್ಸೆಲ್ ಬಗ್ಗೆಯೇ. ಆದರೆ ಅಗಲದಲ್ಲಿ ನೋಡಿದರೆ ಒಂದು 5472 ಪಿಕ್ಸೆಲ್, ಇನ್ನೊಂದು 6016. ಪ್ರಿಂಟ್ ಹಾಕಿಸಿದರೆ ಯಾರಿಗೂ ಗೊತ್ತಾಗಲ್ಲ. ನಾನು ತಿಳಿಯಬೇಕೆಂದಿದ್ದು ಬೇರೆ: ಕತ್ತಲ ಭಾಗದಲ್ಲಿ ಯಾವ ಸೆನ್ಸರ್ ಎಷ್ಟು ಉಳಿಸಿಕೊಳ್ಳುತ್ತದೆ?

ಅದಕ್ಕೆ ನಮ್ಮ ಮಲೆನಾಡಿನ ಮನೆಯೇ ಒಳ್ಳೆಯ ಜಾಗ. ಒಳಗೆ ಜಗುಲಿ ಕತ್ತಲು, ಬಾಗಿಲಾಚೆ ಅಡಿಕೆ ಹರವಿದ ಅಂಗಳದಲ್ಲಿ ಸುಡುಬಿಸಿಲು. ಎರಡಕ್ಕೂ 50 ಎಂಎಂ ಲೆನ್ಸ್ ಹಾಕಿ, ಟ್ರೈಪಾಡ್ ಕದಲಿಸದೆ, ಅಂಗಳಕ್ಕೆ ಸರಿಹೋಗುವಂತೆ ಐಎಸ್‌ಒ (ಸಿಗ್ನಲ್ಲನ್ನು ಹಿಗ್ಗಿಸುವ ಮಟ್ಟ) 100, ಅಪರ್ಚರ್ (ಲೆನ್ಸ್ ತೂತಿನ ಅಳತೆ) ಎಫ್/8, ಶಟರ್ 1/400 ಸೆಕೆಂಡಿನಲ್ಲಿ ತೆಗೆದೆ. ಆಮೇಲೆ ಐಎಸ್‌ಒ ಮಾತ್ರ 1600ಕ್ಕೆ ಏರಿಸಿ ಇನ್ನೊಂದು. ಶಟರ್, ಅಪರ್ಚರ್ ಮುಟ್ಟಲೇಬಾರದು, ಮುಟ್ಟಿದರೆ ಸೆನ್ಸರ್ ಮೇಲೆ ಬೀಳುವ ಬೆಳಕೇ ಬದಲಾಗುತ್ತದೆ, ಮತ್ತೆ ಹೋಲಿಸಿ ಏನು ಪ್ರಯೋಜನ? ರಾ ಫೈಲ್‌ಗಳನ್ನೆಲ್ಲ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್‌ಗಳು) ಒಂದೇ ಸಾಫ್ಟ್‌ವೇರ್‌ನಲ್ಲಿ ತೆರೆದು, ನಾಯ್ಸ್ (ಚಿತ್ರ ಕೆಡಿಸುವ ಚುಕ್ಕೆ, ಗೆರೆಗಳು) ಅಳಿಸುವ ನಾಯ್ಸ್ ರಿಡಕ್ಷನ್ ಪೂರ್ತಿ ಆಫ್ ಮಾಡಿ, ನಿಕಾನ್ ಚಿತ್ರವನ್ನು ಕ್ಯಾನನ್ ಅಳತೆಗೆ ಇಳಿಸಿ ನೋಡಿದೆ.

ಐಎಸ್‌ಒ 100ರ ಫೈಲನ್ನು 4 ಸ್ಟಾಪ್ ಎತ್ತಿದಾಗ, ಅಂದರೆ ಸಾಫ್ಟ್‌ವೇರ್‌ನಲ್ಲಿ 16 ಪಟ್ಟು ಬೆಳಗಿಸಿದಾಗ, ಎಲ್ಲ ಬಯಲಾಯಿತು. 6ಡಿಯಲ್ಲಿ ಜಗುಲಿಯ ಕಂಬದ ಮೇಲೆ ಗೆರೆ ಗೆರೆ, ಜೊತೆಗೆ ಬಣ್ಣದ ಚುಕ್ಕೆಗಳು. ಡಿ750ರಲ್ಲಿ ಮರದ ಬಣ್ಣ, ಕೆತ್ತನೆ ಎರಡೂ ಗಟ್ಟಿಯಾಗಿ ಉಳಿದಿದ್ದವು. ಇನ್ನೂ ಮುಖ್ಯವಾದದ್ದು ಏನೆಂದರೆ, ಡಿ750ರಲ್ಲಿ ಎತ್ತಿದ 100ರ ಫೈಲನ್ನೂ ನೇರವಾಗಿ 1600ರಲ್ಲಿ ತೆಗೆದದ್ದನ್ನೂ ಪಕ್ಕಪಕ್ಕ ಇಟ್ಟರೆ ಒಳಗಿನ ನೆರಳು ಹೆಚ್ಚುಕಡಿಮೆ ಒಂದೇ ಥರ, 1600ರಲ್ಲಿ ಅಂಗಳ ಬಿಳಿಚಿ ಹೋಗಿದೆ ಅಷ್ಟೇ. 6ಡಿಯಲ್ಲಿ ಹಾಗಲ್ಲ, ಅಲ್ಲಿ 1600ರದ್ದೇ ಎಷ್ಟೋ ಚೆಂದ.

ಇದಕ್ಕೆ ಕಾರಣ ಎಡಿಸಿ, ಅಂದರೆ ಪಿಕ್ಸೆಲ್‌ನ ಸಿಗ್ನಲ್ಲನ್ನು ಅಂಕಿಗೆ ಬದಲಿಸುವ ಭಾಗ. ಡಿ750ರಲ್ಲಿ ಅದು ಸೆನ್ಸರ್ ಚಿಪ್‌ನಲ್ಲೇ ಇದೆ. 6ಡಿಯಲ್ಲಿ ಚಿಪ್‌ನ ಹೊರಗೆ, ಅಲ್ಲಿಗೆ ತಲುಪಿ ಅಂಕಿಯಾಗುವಷ್ಟರಲ್ಲಿ ಸಿಗ್ನಲ್‌ಗೆ ನಾಯ್ಸ್ ಸೇರುತ್ತದೆ. ಐಎಸ್‌ಒ ಏರಿಸಿದರೆ ಸಿಗ್ನಲ್ ಮೊದಲೇ ದೊಡ್ಡದಾಗುತ್ತದೆ, ಆಗ ಕೊನೆಗೆ ಸೇರುವ ನಾಯ್ಸ್ ಲೆಕ್ಕಕ್ಕೇ ಬರುವುದಿಲ್ಲ. ಕ್ಯಾನನ್ 2016ರ 5ಡಿ ಮಾರ್ಕ್ 4ರಲ್ಲಿ ಎಡಿಸಿಯನ್ನು ಚಿಪ್‌ನೊಳಗೇ ತಂದಿತು.

ಹಾಗಾಗಿ ರಾತ್ರಿ ಯಕ್ಷಗಾನದ ಫೋಟೋಗಳಲ್ಲಿ, ಐಎಸ್‌ಒ 6400ರಲ್ಲಿ, ನನಗೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಕಾಣುವ ನಾಯ್ಸ್ ಬಹುಪಾಲು ಕ್ಯಾಮೆರಾದ್ದಲ್ಲ, ಕಡಿಮೆ ಬೆಳಕಿನ ಸಹಜ ಏರಿಳಿತದ್ದೇ, ಸೆನ್ಸರ್ ಅಳತೆಯೂ ಹೆಚ್ಚುಕಡಿಮೆ ಒಂದೇ ಅಲ್ವಾ. ಆಟಕ್ಕೆ ಈಗಲೂ 6ಡಿಯನ್ನೇ ಒಯ್ಯುತ್ತೇನೆ, ಅದರ ನಡುವಿನ ಫೋಕಸ್ ಪಾಯಿಂಟ್ ಮಂದ ಬೆಳಕಿನಲ್ಲೂ ವೇಷವನ್ನು ಚೆನ್ನಾಗಿ ಹಿಡಿಯುತ್ತದೆ. ಒಳಗೆ ಕತ್ತಲು, ಹೊರಗೆ ಬಿಸಿಲು ಇರುವಲ್ಲಿ ಡಿ750 ಹಿಡಿದು ಬಿಸಿಲಿಗೆ ಎಕ್ಸ್‌ಪೋಸ್ ಮಾಡುತ್ತೇನೆ. ಅಂಥ ಕಡೆ 6ಡಿ ಮಾತ್ರ ಕೈಯಲ್ಲಿದ್ದರೆ ಬಿಸಿಲಿಗೊಂದು, ನೆರಳಿಗೊಂದು ಅಂತ ಎರಡು ಫ್ರೇಮ್ ತೆಗೆದು ಜೋಡಿಸುತ್ತೇನೆ.